ಗಾಜಿನ ಕೋಣೆಯ ಮಮತಾ

ಬೆಟಗೇರಿ
ಭಾನುವಾರ, ೧೪ ಏಪ್ರಿಲ್ ೨೦೨೪

ಪ್ರೀತಿಯ ಗೆಳತಿ ಶಾಂಭವಿಗೆ,

ಲಕ್ಷ್ಮೇಶ್ವರದಲ್ಲಿ ಕೆಲಸವೇ ಸಿಗುತ್ತಿಲ್ಲ, ಮಕ್ಕಳನ್ನು ಕರೆದುಕೊಂಡು ಬೆಟಗೇರಿಗೇ ಮರಳುತ್ತೇನೆ, ನನ್ನ ಹಳೆಯ ಮಗ್ಗ ಖಾಲಿ ಇದೆಯೇ ಎಂದು ನಿನ್ನೆ ಫೋನಿನಲ್ಲಿ ಕೇಳಿದೆಯಲ್ಲ, ನಾನು ಸಿಗ್ನಲ್ ಇಲ್ಲವೆಂದು ಸುಳ್ಳು ಹೇಳಿ ಇಟ್ಟುಬಿಟ್ಟೆ. ನಿನ್ನ ದನಿ ಕೇಳುತ್ತ ಹೇಳಲಾಗದ್ದು ಕಾಗದದ ಮೇಲಾದರೂ ಬರಲಿ ಎಂದು ಬರೆಯುತ್ತಿದ್ದೇನೆ. ಬರಬೇಡ.

ಮೊದಲು ನನ್ನ ಬಡ್ತಿಯ ಪುರಾಣ ಕೇಳು. ಮೇಲ್ವಿಚಾರಕಿಯಾದ ಹೊಸದರಲ್ಲಿ ನಾನು ಬರೀ ಕೂಗುತ್ತಿದ್ದೆ. ಮಾಲೀಕರಾದ ಚನ್ನಬಸವಣ್ಣ ಬೇಸತ್ತು ನನ್ನನ್ನು ಹುಬ್ಬಳ್ಳಿಗೆ ತರಬೇತಿಗೆ ಕಳಿಸಿದರು. ಮುಂದಾಳಾಗುವವರು ಮೊದಲು ಕೇಳಿಸಿಕೊಳ್ಳಬೇಕು, ಎದುರಿನವರ ಮುಖ ನೋಡಬೇಕು, ನಡುವೆ ಬಾಯಿ ಹಾಕಬಾರದು ಎಂದು ಅಲ್ಲಿನ ಮೇಡಂ ಹೇಳಿಕೊಟ್ಟರು. ನನಗೆ ನಗು ಬಂತು. ಪವರ್‌ಲೂಮ್ ಗದ್ದಲದಲ್ಲಿ ನಮ್ಮ ಕಿವಿಗೆಲ್ಲಿಯ ಕೆಲಸ? ತುಟಿ ನೋಡಿಕೊಂಡೇ ಅಲ್ಲವೇ ನಾವಿಬ್ಬರೂ ಅಷ್ಟು ವರ್ಷ ಮಗ್ಗದಿಂದ ಮಗ್ಗಕ್ಕೆ ಅತ್ತೆಯರನ್ನು ಆಡಿಕೊಂಡದ್ದು!

ಆದರೂ ಬಂದವಳೇ ಕೂಗುವುದನ್ನು ಬಿಟ್ಟು ಒಬ್ಬೊಬ್ಬರ ಎದುರು ನಿಂತೆ. ಶೆಡ್ಡಿನ ಸೆಕೆಗೆ ಹನಮವ್ವನಿಗೆ ತಲೆ ಸುತ್ತುತ್ತಿತ್ತಂತೆ. ಬಾಗಿಲ ಬಳಿಯ ಮಗ್ಗ ಕೊಟ್ಟೆ. ಅಲ್ಲಿಂದ ಎಲ್ಲರೂ ನನ್ನ ಬಳಿ ಕಷ್ಟ ಹೇಳಿಕೊಳ್ಳತೊಡಗಿದರು, ಕೆಲಸವೂ ಸುಧಾರಿಸಿತು. ಖರೆ ಹೇಳುತ್ತೇನೆ, ಬಹಳ ಹೆಮ್ಮೆಯಾಗಿತ್ತು.

ಚನ್ನಬಸವಣ್ಣನವರಿಗೂ ಹಿಡಿಸಿತು. ಶೆಡ್ಡಿನ ಅಟ್ಟದ ಮೇಲೆ ನನಗೊಂದು ಗಾಜಿನ ಕೋಣೆ ಕಟ್ಟಿಸಿದರು. "ಇಲ್ಲೇ ಕುಂಡ್ರು ಮಮತಾ. ಎಲ್ಲಾರ ಬಾಯಿ ಕಾಣತಾವು. ಏನ್ ಮಾತಾಡತಾರ ನನಗ ಬಂದು ಹೇಳು" ಎಂದರು. ಫ್ಯಾನಿದೆ, ಕುರ್ಚಿಯಿದೆ, ಕೆಳಗಿಳಿಯಲು ಮಾತ್ರ ಅವರ ಅಪ್ಪಣೆ ಬೇಕು. ನಮ್ಮ ಮನೆಯವರು ಕೆಲಸ ಕಳೆದುಕೊಂಡು ಕೂತಿದ್ದಾರೆ. ಒಲ್ಲೆ ಎನ್ನಲು ನನಗೆ ಧೈರ್ಯವಾಗಲಿಲ್ಲ.

ಗಾಳಿಗೆ ನೂಲು ಹರಿಯುತ್ತದೆಂದು ಮಾಲೀಕರು ನೀನಿದ್ದಾಗಿನಿಂದಲೂ ಶೆಡ್ಡಿನ ಕಿಟಕಿಗಳನ್ನೆಲ್ಲ ಮುಚ್ಚಿಸಿಯೇ ಇಟ್ಟಿದ್ದಾರಲ್ಲ. ಅವನ್ನು ತೆರೆಸುವ ತನಕ ಸೋಮವಾರದಿಂದ ಮಗ್ಗ ನಿಲ್ಲಿಸೋಣ ಎಂದು ಹೆಂಗಸರು ಮಾತಾಡಿಕೊಂಡದ್ದು ಮೊನ್ನೆ ನನಗೆ ಮೇಲಿನಿಂದ ಕಂಡಿತು. ಮಾಲೀಕರಿಗೂ ಹೇಗೋ ವಾಸನೆ ಹತ್ತಿತ್ತು. ಈ ಮಾತು ಮೊದಲು ಯಾರ ಬಾಯಿಂದ ಬಂತೆಂದು ನನ್ನನ್ನು ಕರೆದು ಕೇಳಿದರು, ಹೆಸರು ಹೇಳದಿದ್ದರೆ ಆ ಹೆಂಗಸರೊಂದಿಗೇ ನನ್ನನ್ನೂ ಕೆಲಸದಿಂದ ಬಿಡಿಸಿ ಮನೆಗೆ ಕಳಿಸುತ್ತೇನೆ ಎಂದರು. ಅತ್ತ ದರಿ, ಇತ್ತ ಪುಲಿ. ಆದರೂ ಶೆಡ್ಡಿನಲ್ಲಿ ದುಡಿಯುವ ಒಬ್ಬಳ ಹೆಸರನ್ನೂ ನಾನು ಹೇಳಲಿಲ್ಲ, ನಿನ್ನಾಣೆ.

ಅದನ್ನು ನಂಬುವವರು ಯಾರು? ಈಗ ನಾನು ತಲೆಯೆತ್ತಿದರೆ ಸಾಕು, ಎಲ್ಲರೂ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಾರೆ. ನಿನ್ನೆ ಹನಮವ್ವ ಒಬ್ಬಳೇ ಸೆರಗು ಸರಿಸಿ, ನನಗೆ ಕಾಣಲೆಂದು ನಿಧಾನವಾಗಿ ತುಟಿಯಾಡಿಸಿದಳು: "ಕೇಳೂದಿದ್ರ ಕೆಳಗ ಬಾರವ್ವಾ." ನಾನು ಎದ್ದು ನಿಂತೆ. ಬಾಗಿಲಿನವರೆಗೂ ಹೋದೆ. ಆಮೇಲೆ ಮತ್ತೆ ಬಂದು ಕುರ್ಚಿಯಲ್ಲಿ ಕುಳಿತೆ.

ಇಂಥ ಕಡೆ ಬಂದು ನೀನೇನು ಮಾಡುತ್ತೀ? ಶಿರಹಟ್ಟಿಯಲ್ಲೋ ಮುಂಡರಗಿಯಲ್ಲೋ ಏನಾದರೂ ಸಿಕ್ಕೀತು, ನೋಡು. ಮಕ್ಕಳಿಗೆ ನನ್ನ ಮುತ್ತು.

ನಿನ್ನವಳೇ ಆದ,
ಮಮತಾ

ತಾ.ಕ.: ನಾನು ಹೇಳಿದ್ದು ನಿನ್ನ ಹೆಸರು. ಕಿಟಕಿಯ ತಕರಾರನ್ನು ಇವರ ತಲೆಗೆ ತುಂಬಿ ಹೋದವಳು ಶಾಂಭವಿ ಎಂದೆ. ಬಿಟ್ಟು ಹೋದವಳಿಗೆ ಏನಾದೀತು ಎಂದುಕೊಂಡೆ. ಮರುದಿನವೇ ನಿನ್ನ ಫೋನು ಬಂತು. ನಿನ್ನನ್ನು ಒಳಗೆ ಬಿಡಬಾರದೆಂದು ಗೇಟಿನವನಿಗೆ ಹೇಳಿಟ್ಟಿದ್ದಾರೆ. ನಿನ್ನ ಮಗ್ಗ ಖಾಲಿಯೇ ಇದೆ ಶಾಂಭವಿ. ಅದು ನನ್ನ ಗಾಜಿಗೆ ನೇರ ಎದುರಿಗಿದೆ.