ಹೆಸರಿಲ್ಲದ ಚೀಲ

ಪುಲಿಕೇಶಿನಗರ, ಬೆಂಗಳೂರು
ಗುರುವಾರ, ೧೯ ಜೂನ್ ೨೦೨೫

ಪ್ರೀತಿಯ ಭಾಯ್‌ಜಾನ್,

ಅಸ್ಸಲಾಮು ಅಲೈಕುಂ. ಇವತ್ತು ನನ್ನ ಗುರುವಾರದ ರೋಜಾ, ಸಂಜೆಯವರೆಗೆ ಉಪವಾಸ. ಬೆಳಕು ಹರಿಯುವ ಮೊದಲೇ ಸಹರಿಗೆ ಒಂದು ರೊಟ್ಟಿ, ಎರಡು ಖರ್ಜೂರ ತಿಂದು, ಫಜರ್ ನಮಾಜು ಮುಗಿಸಿ, ಸಂಪಿನಿಂದ ನೀರು ಹೊತ್ತು ಹಾಕಿ, ಯಜಮಾನರ ಡಬ್ಬಿ ಕಟ್ಟಿಟ್ಟು ಕೂತಿದ್ದೇನೆ. ಶಾಲೆಗೆ ಹೊರಡಲು ಇನ್ನೂ ಒಂದು ಗಂಟೆ ಇದೆ. ನಿಮ್ಮ ಮಂಡಿನೋವು ಹೇಗಿದೆ? ಹುಣಸೆಹಣ್ಣಿನ ಮೂಟೆಗಳ ಮೇಲೆ ಕಾಲು ಮಡಿಸಿ ಕೂರಬೇಡಿ ಎಂದು ಡಾಕ್ಟರು ಹೇಳಿದ್ದನ್ನು ನೀವು ಕೇಳಿರಲಿಕ್ಕಿಲ್ಲ. ಸಾಲೇಹಾ ಭಾಬಿಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಚಹಾಕ್ಕೆ ಬೆಲ್ಲ ಹಾಕಿದರೆ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವರು ವಾದ ಮಾಡುತ್ತಾರೆ, ನಂಬಬೇಡಿ.

ನೀವು ಫೋನ್ ಎತ್ತುವುದಿಲ್ಲ, ಅದಕ್ಕೇ ಕಾಗದ. ಪೊಟ್ಟಣ ಕಟ್ಟಿ ಬಂದ ಹಳೇ ಪೇಪರನ್ನೂ ಓದದೆ ಬಿಸಾಡುವವರಲ್ಲ ನೀವು, ಇದನ್ನೂ ಓದಿಯೇ ಓದುತ್ತೀರಿ. ಉರ್ದುವಿನಲ್ಲಿ ಬರೆಯಲು ನನಗೆ ಕೈ ಓಡುವುದಿಲ್ಲ. ನಮ್ಮಿಬ್ಬರಿಗೂ ಸರಿಯಾಗಿ ಬರೆಯಲು ಬರುವುದು ಊರಿನ ಶಾಲೆಯ ಕನ್ನಡವೇ ತಾನೆ.

ತಪ್ಪು ನನ್ನದು. ಅದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಆದರೆ ಅದು ಹೇಗಾಯಿತು ಎಂದು ನೀವು ಪೂರ್ತಿ ಕೇಳಲೇ ಇಲ್ಲ. ನಾನು ಆಯಾ ಆಗಿರುವ ಈ ಸರ್ಕಾರಿ ಶಾಲೆಗೆ ಪ್ರತಿ ಜೂನ್‌ನಲ್ಲಿ ಲಾರಿ ಆಫೀಸಿನಿಂದ ಒಂದು ಗೋಣಿಚೀಲ ಬರುತ್ತಿತ್ತು. ಒಳಗೆ ಒಂದನೇ ತರಗತಿಯ ಮಕ್ಕಳಿಗೆಲ್ಲ ನೋಟ್‌ಪುಸ್ತಕ, ಮೇಲೆ ಕಳಿಸಿದವರ ಹೆಸರಿಲ್ಲ. ನಮ್ಮ ಹೆಡ್‌ಮಿಸ್ ಜಯಮಾಲಾ ಮೇಡಂ ಯಾರಿರಬಹುದು ಎಂದು ತಲೆ ಕೆಡಿಸಿಕೊಳ್ಳುತ್ತಿದ್ದರು. ನನಗೆ ಚೀಲ ಬಿಚ್ಚುವಾಗಲೇ ಗೊತ್ತಾಯಿತು. ಪುಸ್ತಕಕ್ಕೆ ಹುಣಸೆಹಣ್ಣಿನ ವಾಸನೆ, ಬಾಯಿಗೆ ದಬ್ಬಣದ ಹೊಲಿಗೆ. ಹುಣಸೆ ಮಂಡಿಯವರೆಲ್ಲರ ಹೊಲಿಗೆ ಒಂದು ಕಡೆ ಓರೆಯಾದರೆ ಎಡಗೈಯವರಾದ ನಿಮ್ಮದು ಇನ್ನೊಂದು ಕಡೆ ಓರೆ. ಎರಡು ವರ್ಷ ನಾನು ಬಾಯಿ ಬಿಡಲಿಲ್ಲ. ನಿಮ್ಮ ಮುಂದೆಯೂ ಬಿಡಲಿಲ್ಲ.

ನಾನು ಬ್ಲಾಗ್ ಬರೆಯಲು ಶುರು ಮಾಡಿದ್ದು ಬೇರೆ ಕಾರಣಕ್ಕೆ. ಎರಡನೇ ತರಗತಿಯ ಕಿಟಕಿಯಿಂದ ಬಿಸಿಲು ನೇರ ಬೋರ್ಡಿಗೆ ಬಡಿದು ಅಕ್ಷರ ಕಾಣುತ್ತಿರಲಿಲ್ಲ. ಮಗಳು ಸಿದ್ರಾ ಫೋನಿನಲ್ಲಿ ಕನ್ನಡ ಒತ್ತುವುದನ್ನು ಹೇಳಿಕೊಟ್ಟಳು. ‘ಈ ಕಿಟಕಿಗೆ ಒಂದು ಪರದೆ ಬೇಕು, ಹಳೇ ಸೀರೆಯಾದರೂ ಸರಿ’ ಎಂದು ಒಂದೇ ಬೆರಳಲ್ಲಿ ಬರೆದು ಹಾಕಿದೆ. ನಾಲ್ಕನೇ ದಿನಕ್ಕೆ ಏಳು ಸೀರೆ! ಅಂದಿನಿಂದ ಪ್ರತಿ ಶುಕ್ರವಾರ ಒಂದು ತರಗತಿಗೆ ಒಂದು ವಸ್ತು ಮಾತ್ರ ಕೇಳುತ್ತೇನೆ. ನಲ್ಲಿ ಇರುವ ಬಕೆಟ್ಟು, ಟ್ಯೂಬ್‌ಲೈಟು, ಕಾಲೊರೆಸುವ ಚಾಪೆ. ದುಡ್ಡು ಕೇಳುವುದಿಲ್ಲ. ಜಯಮಾಲಾ ಮೇಡಂ, “ಬಿಲ್ಕೀಸಮ್ಮ, ನಿಮ್ಮ ಎದುರಿಗೆ ಕೆಮ್ಮೋಕೂ ಭಯ ಕಣ್ರೀ, ನಾಳೆ ಬೆಳಗ್ಗೆ ಯಾರೋ ಸಿರಪ್ ತಂದ್ಬಿಡ್ತಾರೆ” ಎಂದು ನಗುತ್ತಾರೆ.

ಈ ರಂಜಾನಿನಲ್ಲಿ ಒಬ್ಬ ದೊಡ್ಡ ಮನುಷ್ಯರು ಹತ್ತು ಕಂಪಾಸ್ ಪೆಟ್ಟಿಗೆ ತಂದರು. ಗೇಟಿನಗಲಕ್ಕೂ ತಮ್ಮ ಮುಖದ ಬ್ಯಾನರ್ ಕಟ್ಟಿಸಿ, ಮಕ್ಕಳನ್ನು ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಲ್ಲಿಸಿ ಫೋಟೊ ತೆಗೆಸಿಕೊಂಡರು. ನನಗೆ ಮೈ ಉರಿಯಿತು. ಮನೆಗೆ ಬಂದವಳೇ ಬರೆದೆ: ಕೊಡುವುದೆಂದರೆ ಹೀಗಲ್ಲ, ವರ್ಷವರ್ಷ ಚೀಲ ಕಳಿಸಿ ಹೆಸರು ಹೇಳದವರಿದ್ದಾರೆ, ಅವರು ನನ್ನ ಒಡಹುಟ್ಟಿದ ಅಣ್ಣ, ಚಿಂತಾಮಣಿಯ ಹುಣಸೆ ಮಂಡಿಯ ಇನಾಯತ್ ಉಲ್ಲಾ ಎಂದು. ಆ ಮನುಷ್ಯರಿಗೆ ಬುದ್ಧಿ ಹೇಳಲು ಹೋಗಿ ಅವರು ಮಾಡಿದ್ದನ್ನೇ ನಾನೂ ಮಾಡಿದೆ. ಬರೆಯುವಾಗ ನನ್ನ ಎದೆ ಉಬ್ಬಿತ್ತು, ಸುಳ್ಳು ಹೇಳುವುದಿಲ್ಲ.

ಅದು ವಾಟ್ಸಾಪಿನಲ್ಲಿ ಊರು ಸುತ್ತಿ ನಿಮ್ಮ ಮಸೀದಿಗೆ ಮುಟ್ಟಿತು. ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಎಲ್ಲರೆದುರು ನಿಮಗೆ ಶಾಲು ಹೊದಿಸಿದರು. ಭಾಬಿಗೂ ಹೇಳದೆ ಇಟ್ಟುಕೊಂಡದ್ದು ಹೀಗೆ ಬೀದಿಗೆ ಬಂತು. ನೀವು ಫೋನ್ ಮಾಡಿ, “ಕಾಯ್ಕು ಲಿಖೀ ಗೇ?” ಎಂದಿರಿ. ಯಾಕೆ ಬರೆದೆ ಎಂದು ಕೇಳಿದ್ದಕ್ಕೆ ನಾನು ಕಂಪಾಸ್ ಪೆಟ್ಟಿಗೆಯ ಕಥೆ ಶುರು ಮಾಡಿದೆ. “ಅಲ್ಲಾಹನಿಗೂ ನನಗೂ ಮಧ್ಯೆ ಇದ್ದಿದ್ದೊಂದೇ, ಅದಕ್ಕೂ ನೀನು ಕೈ ಹಾಕಿದೆ. ಮುಚ್ಚು ಆ ಅಂಗಡೀನ” ಎಂದು ಫೋನಿಟ್ಟಿರಿ. ಆಗಲೇ ಆ ಬರಹ ತೆಗೆದುಹಾಕಿದೆ. ಜನರ ಫೋನುಗಳಿಂದ ತೆಗೆಯಲು ನನ್ನ ಕೈಯಲ್ಲಾಗಲಿಲ್ಲ. ಈ ಜೂನ್‌ನಲ್ಲಿ ಚೀಲ ಬರಲಿಲ್ಲ. ಒಂದನೇ ತರಗತಿಯ ಮೂವತ್ತೆಂಟು ಮಕ್ಕಳು ಹಳೇ ಉತ್ತರಪತ್ರಿಕೆಯ ಹಿಂಬದಿಯಲ್ಲಿ ಅ ಆ ತಿದ್ದುತ್ತಿದ್ದಾರೆ. ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಕಾರಣ ನಾನು.

ಆದರೆ ಬ್ಲಾಗ್ ಮುಚ್ಚುವುದಿಲ್ಲ, ಭಾಯ್‌ಜಾನ್. ನೀವು ಹಿರಿಯರು, ಅಬ್ಬಾ ಹೋದ ಮೇಲೆ ನಿಮ್ಮ ಮಾತನ್ನು ಒಮ್ಮೆಯೂ ಮೀರಿದವಳಲ್ಲ. ಇದೊಂದನ್ನು ಮೀರುತ್ತೇನೆ. ಕೊಡುವವರು ಮರೆಯಲ್ಲಿರಬಹುದು, ಇರಲೇಬೇಕು. ಕೇಳುವವರೂ ಮರೆಯಲ್ಲಿ ಕೂತರೆ ಮಕ್ಕಳಿಗೆ ಬೇಕಾದದ್ದು ಯಾರಿಗೆ ಗೊತ್ತಾಗಬೇಕು? ನಿಮ್ಮ ಹತ್ತಿರ ಚೀಲದ ತುಂಬ ಕೊಡುವ ಶಕ್ತಿ ಇತ್ತು, ಯಾರೂ ಕೇಳದೆಯೇ ಕೊಟ್ಟಿರಿ. ಒಂದೇ ಪುಸ್ತಕ ಕೊಡಬಲ್ಲವರು, ‘ಒಂದನ್ನು ಹೇಗೆ ಕೊಡುವುದು’ ಎಂದು ನಾಚಿಕೊಂಡು ಸುಮ್ಮನಿರುತ್ತಾರೆ. ಒಂದು ಸಾಕು ಎಂದು ಅವರಿಗೆ ಯಾರಾದರೂ ಹೇಳಬೇಕು. ಹೋದ ಶುಕ್ರವಾರ ಅದನ್ನೇ ಬರೆದೆ: ಮನೆಗೊಂದೇ ನೋಟ್‌ಪುಸ್ತಕ, ಎರಡನೆಯದನ್ನು ತೆಗೆದುಕೊಳ್ಳುವುದಿಲ್ಲ.

ಈಗ ಬ್ಲಾಗಿಗೆ ಕಟ್ಟುನಿಟ್ಟು ಮಾಡಿದ್ದೇನೆ. ಕೊಟ್ಟವರ ಹೆಸರಿಲ್ಲ, ಮಕ್ಕಳ ಮುಖವಿಲ್ಲ, ಬಂದ ವಸ್ತುವಿನ ಫೋಟೊ ಮಾತ್ರ. ಹೊಸ ತಿಪ್ಪಸಂದ್ರದಿಂದ ಫ್ಯಾಕ್ಟರಿಯ ರಿಟೈರ್ಡ್ ನೌಕರರು, ವೆಂಕಟಾಚಲ ಎಂದು (ನಿಮಗೊಬ್ಬರಿಗೆ ಹೇಳುತ್ತಿದ್ದೇನೆ, ಬ್ಲಾಗಿನಲ್ಲಿಲ್ಲ), ಮೂರನೇ ತರಗತಿಗೆ ಫ್ಯಾನ್ ತಂದರು. ರೆಕ್ಕೆಯ ಮೇಲೆ ತೀರಿಹೋದ ಹೆಂಡತಿಯ ಹೆಸರು ಬರೆಸಿದ್ದರು. ಅದನ್ನು ಅಳಿಸಿಕೊಂಡು ಬನ್ನಿ ಎಂದೆ. “ಏನಮ್ಮಾ ನೀವು, ಸರ್ಕಾರಕ್ಕಿಂತ ಜಾಸ್ತಿ ರೂಲ್ಸು ನಿಮ್ದು!” ಎಂದು ಫ್ಯಾನ್ ಸಮೇತ ಆಟೊ ಹತ್ತಿ ಹೋದರು. ಸೋಮವಾರ ಅದೇ ಫ್ಯಾನ್ ಬಂತು, ರೆಕ್ಕೆ ಉಜ್ಜಿ ಬೆಳ್ಳಗಾಗಿತ್ತು. ತಾವೇ ಬೆಂಚು ಹತ್ತಿ ಜೋಡಿಸಿ, ಕೆಳಗಿಳಿದು ಸ್ವಿಚ್ ಹಾಕಿ, “ಅನಸೂಯಂಗೆ ಮೂರಕ್ಕಿಂತ ಜಾಸ್ತಿ ಸ್ಪೀಡು ಆಗ್ತಿರ್ಲಿಲ್ಲ. ಮಕ್ಕಳಿಗೂ ಮೂರರಲ್ಲೇ ಇಡಿ” ಎಂದರು. ಹೆಸರಿಲ್ಲದೆ ಕೊಡುವುದು ಎಷ್ಟು ಕಷ್ಟ ಎಂದು ನನಗೆ ಅವತ್ತು ತಿಳಿಯಿತು. ನೀವು ಅಷ್ಟು ವರ್ಷ ಕಷ್ಟಪಟ್ಟು ಕಾಪಾಡಿಕೊಂಡದ್ದನ್ನು ನಾನು ಅರ್ಧ ಗಂಟೆಯಲ್ಲಿ ಹಾಳು ಮಾಡಿದೆ ಎಂಬುದೂ ಅವತ್ತೇ ತಿಳಿಯಿತು.

ಅಲ್ಲಾಹ ಮನಸ್ಸು ನೋಡುವವನು, ಶಾಲು ನೋಡುವವನಲ್ಲ. ನಿಮ್ಮ ಪುಣ್ಯ ನನ್ನಿಂದ ಹೋಗುವಷ್ಟು ಹಗುರವಾದದ್ದಲ್ಲ ಎಂದು ದುವಾ ಮಾಡುತ್ತಿದ್ದೇನೆ. ನನ್ನ ತಪ್ಪಿಗೆ ನಾನು ಹೊಣೆ. ಭಾಬಿಗೆ ಸಲಾಂ. ಹೊತ್ತಾಯಿತು, ಬೆಲ್ ಹೊಡೆಯುವುದರೊಳಗೆ ಎಲ್‌ಕೆಜಿ ಬಾಗಿಲು ತೆಗೆಯಬೇಕು.

ನಿಮ್ಮ ತಂಗಿ,
ಬಿಲ್ಕೀಸ್

ಇನ್ನೊಂದು ಮಾತು: ಶಾಲೆಯಿಂದ ಈಗ ಬಂದೆ, ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ಮಧ್ಯಾಹ್ನ ಮೂವತ್ತೆಂಟನೆಯ ಪುಸ್ತಕ ಬಂತು, ಎಲ್ಲರಿಗೂ ಆಗಲಿ ಎಂದು ಹಂಚದೆ ಇಟ್ಟಿದ್ದನ್ನೆಲ್ಲ ನಾಳೆ ಹಂಚುತ್ತೇವೆ. ಮಸೀದಿ ರಸ್ತೆಯಲ್ಲಿ ಸಮೋಸ ಕರಿಯುವ ಹೆಂಗಸು ಕೊಟ್ಟು ಹೋದಳು. ಆದ್ದರಿಂದ ಚೀಲಕ್ಕಾಗಿ ಈ ಕಾಗದ ಬರೆದಳು ಎಂದು ತಿಳಿಯಬೇಡಿ, ಚೀಲ ಬೇಡ. ಬಕ್ರೀದಿಗೆ ನನ್ನ ಪಾಲಿನ ಮಾಂಸ ಕಳಿಸಿದಿರಿ, ಜೊತೆಗೆ ಒಂದು ಮಾತು ಕಳಿಸಲಿಲ್ಲ. ಬೇಯಿಸಿದೆ, ಎಲ್ಲರಿಗೂ ಬಡಿಸಿದೆ, ನಾನು ಬೇಳೆ ಸಾರಿನಲ್ಲಿ ಉಂಡೆ. ನಾನು ನಿಮ್ಮ ಮನೆಗೆ ಬರಬಹುದೇ ಬೇಡವೇ, ಅಷ್ಟು ಬರೆಯಿರಿ. ಬೇಡ ಎಂದಾದರೂ ನಿಮ್ಮ ಕೈಯಾರೆ ಬರೆಯಿರಿ. ಗೂಡ್ಸ್ ಆಟೊದ ರಹೀಂ ಶನಿವಾರ ಈ ಕಾಗದ ಹಿಡಿದು ನಿಮ್ಮ ಮಂಡಿಗೆ ಲೋಡಿಗೆ ಬರುತ್ತಾನೆ. ಉತ್ತರ ಕೈಗೆ ಸಿಗುವವರೆಗೆ ಅಲ್ಲಿಂದ ಕದಲಬೇಡ, ತೆಗೆದುಕೊಂಡೇ ಬಾ ಎಂದು ಅವನಿಗೆ ಹೇಳಿದ್ದೇನೆ.