ಬಿದ್ದಲ್ಲಿಂದಲೇ ಹೊಡೆಯಬೇಕು

ಬಳ್ಳಾರಿ ಮರಳುಸೀಮೆ
ಉರಿಗಾಲಕ್ಕೆ ಮೊದಲಿನ ತಿಂಗಳು, ತಾರೀಖು ನಲವತ್ತೊಂದು
ನಿಮ್ಮ ಎಣಿಕೆಯಲ್ಲಿ 2347 ಇರಬಹುದು

ರೆಸಾರ್ಟಿಗೆ ಗಾಲ್ಫ್ ಆಡಲು ಬರುವ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಬಿಸಿಲು ಬದಲಾದಾಗಷ್ಟೇ ನಮ್ಮ ತಿಂಗಳು ಬದಲಾಗುತ್ತದೆ. ನನ್ನ ಮಾತು ನಿಮಗೆ ಒರಟಾಗಿ, ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಬಿಟ್ಟುಹೋದ ಬೋರ್ಡುಗಳಿಂದ. ಬೋರ್ಡು ಓದಿ ಕಲಿತವಳಿಗೆ ನಯ ಎಲ್ಲಿಂದ ಬರಬೇಕು? ಹೆಸರು ತಿಪ್ಪಮ್ಮ, ವಯಸ್ಸು ಐವತ್ತೆಂಟು. ಇಲ್ಲಿ ಅಷ್ಟು ಬಾಳಿದವರು ಕಡಿಮೆ.

ನೀವು ರಜೆ ಕಳೆದ ಜಾಗದಲ್ಲೇ ನಾವು ಬದುಕಿದ್ದೇವೆ. ನೀವು ಕಾರು ನಿಲ್ಲಿಸುತ್ತಿದ್ದ ನೆಲಮಾಳಿಗೆಗೆ ತಂಪುಗೂಡು ಅನ್ನುತ್ತೇವೆ. ಉರಿಗಾಲದ ತೊಂಬತ್ತು ದಿನ ಅದರೊಳಗೆ ಇದ್ದವರಷ್ಟೇ ಉಳಿಯುತ್ತಾರೆ. ಮಿಕ್ಕ ದಿನಗಳಲ್ಲಿ ನಸುಕಿನಲ್ಲಿ ಎದ್ದು, ಬಯಲಲ್ಲಿ ಹಾಸಿದ ಬಟ್ಟೆಗಳಿಂದ ಇಬ್ಬನಿ ಹಿಂಡಿ ಕೊಡ ತುಂಬಿಸುತ್ತೇವೆ. ಕಳ್ಳಿಹಣ್ಣು ಒಣಗಿಸುತ್ತೇವೆ. ಸಜ್ಜೆ ರೊಟ್ಟಿ ಬಂಡೆಯ ಮೇಲೆ ತಾನೇ ಬೇಯುತ್ತದೆ, ಒಲೆ ಹಚ್ಚುವ ಗೋಜಿಲ್ಲ. ಮಧ್ಯಾಹ್ನ ಯಾರೂ ಮಾತಾಡುವುದಿಲ್ಲ, ಬಾಯಿ ತೆರೆದರೆ ಗಂಟಲು ಒಣಗುತ್ತದೆ. ಗೂಡಿನಲ್ಲಿ ಅರವತ್ತು ಮನೆಗಳಿಗೆ ಜಾಗವಿದೆ, ಹೊಸಬರು ಬಂದು ಸೇರಿ ವರ್ಷವೂ ಮನೆಗಳು ತೊಂಬತ್ತರ ಹತ್ತಿರ ಆಗುತ್ತವೆ. ಯಾರು ಒಳಗೆ, ಯಾರು ಹೊರಗೆ ಅನ್ನುವುದನ್ನು ನಿಮ್ಮ ಆಟ ತೀರ್ಮಾನಿಸುತ್ತದೆ.

ಪ್ರತಿ ಮನೆಯಿಂದ ಒಬ್ಬರು ಹದಿನೆಂಟು ಗುಳಿ ಆಡಬೇಕು. ಕಡಿಮೆ ಹೊಡೆತದಲ್ಲಿ ಮುಗಿಸಿದ ಅರವತ್ತು ಮನೆಗಳು ಕೆಳಗೆ ಇಳಿಯುತ್ತವೆ. ಮಿಕ್ಕವರು ತೆಂಕಲ ಗುಡ್ಡದ ಕಡೆ ನಡೆಯುತ್ತಾರೆ. ಅಲ್ಲಿಗೆ ತಲುಪಿದೆವು ಅಂತ ಇದುವರೆಗೆ ಯಾರೂ ಹೇಳಿ ಕಳಿಸಿಲ್ಲ. ನಿಮ್ಮ ಮೈದಾನ ನಿಮಗೂ ಸುಲಭ ಇದ್ದಿರಲಾರದು. ಐದನೆಯ ಗುಳಿಗೆ ಕಮರಿ ದಾಟಿಸಿ ಹೊಡೆಯಬೇಕು, ಒಂಬತ್ತರಲ್ಲಿ ಗಾಳಿ ಚೆಂಡನ್ನು ಹಿಂದಕ್ಕೇ ತರುತ್ತದೆ. ಹದಿನಾಲ್ಕರ ಪಕ್ಕದಲ್ಲಿ ಎರಡಾಳು ಆಳದ ಮರಳುಹೊಂಡವಿದೆ, ಪಡುವಣಕ್ಕೆ ಬಾಯಿ ತೆರೆದುಕೊಂಡು.

ಆಡುವವರ ಜೊತೆ ಎಣಿಕೆಯವರು ಒಬ್ಬರು ನಡೆಯುತ್ತಾರೆ. ಅವರ ಮಾತೇ ಕಡೆಯ ಮಾತು. ನಾನು ಇಪ್ಪತ್ತಾರು ವರ್ಷ ಎಣಿಕೆಯವಳು. ನಮಗಿರುವ ಕಾನೂನು ಒಂದೇ, ಮೊದಲ ಗುಳಿಯ ಹತ್ತಿರ ನೀವು ನೆಟ್ಟ ಬೋರ್ಡಿನದು: ಚೆಂಡು ಬಿದ್ದಲ್ಲಿಂದಲೇ ಹೊಡೆಯಬೇಕು. ಅದರ ಪ್ರಕಾರ, ಮರಳಿಗೆ ಇಳಿದವರು ಚೆಂಡು ಹೊರಗೆ ಬರುವ ತನಕ ಮೇಲೆ ಬರುವಂತಿಲ್ಲ, ನೀರು ಕೊಡುವಂತಿಲ್ಲ. ಹೀಗಂತ ನೀವು ಬರೆದಿರಲಿಲ್ಲ, ನಾವೇ ಬಿಗಿ ಮಾಡಿಕೊಂಡೆವು.

ಹದಿನೆಂಟು ವರ್ಷದ ಕೆಳಗೆ ನನ್ನ ತಂಗಿ ಹುಲಿಗೆಮ್ಮ ಆಡಿದಳು, ಎಣಿಕೆಗೆ ನಾನೇ ಇದ್ದೆ. ಅವಳಷ್ಟು ಚೆನ್ನಾಗಿ ಹೊಡೆಯುವವರು ಸೀಮೆಯಲ್ಲೇ ಇರಲಿಲ್ಲ. ಹದಿಮೂರು ಗುಳಿ ಮುಗಿದಾಗ ಎಲ್ಲರಿಗಿಂತ ಮುಂದಿದ್ದಳು. ಹದಿನಾಲ್ಕರಲ್ಲಿ ಚೆಂಡು ಹೊಂಡದ ಗೋಡೆಗೆ ಒತ್ತಿಕೊಂಡು ಕೂತಿತು. ಹೊಡೆದಳು, ಉರುಳಿ ಕಾಲ ಬಳಿಗೇ ಬಂತು. ಮತ್ತೆ ಹೊಡೆದಳು. ಬಿಸಿಲು ಹೊಂಡದೊಳಗೆ ಇಳಿಯುತ್ತಿತ್ತು. ಒಂಬತ್ತನೆಯ ಹೊಡೆತದ ಮೇಲೆ ತಲೆ ಎತ್ತಿ, ಅಕ್ಕಾ, ಒಂದು ಗಳಿಗೆ ನೆರಳಿಗೆ ಬಂದು ಮತ್ತೆ ಇಳಿಯಲಾ ಅಂತ ಕೇಳಿದಳು. ನನ್ನ ತಂಗಿ ಅಂತ ಸಡಿಲ ಬಿಟ್ಟೆ ಅನ್ನಿಸಿಕೊಳ್ಳಬಾರದು ಅನ್ನುವ ಒಣ ಹೆಮ್ಮೆ ನನಗೆ. ಬೇಡ ಅಂದೆ. ಅಕ್ಕ ಬೇಡ ಅಂದಳಲ್ಲ ಅಂತ ಅವಳು ಅಲ್ಲೇ ನಿಂತು ಇನ್ನೂ ಆರು ಸಲ ಹೊಡೆದಳು. ಆಮೇಲೆ ಕೂತಳು. ನಾನು ಇಳಿದು ಮುಟ್ಟುವಷ್ಟರಲ್ಲಿ ಮುಗಿದಿತ್ತು. ಅವಳ ಗಂಡ ತೆಂಕಲಿಗೆ ನಡೆದ. ಮೂರು ತಿಂಗಳ ಕೂಸು ಮಾರೆವ್ವನನ್ನು ನನ್ನ ಮಡಿಲಿಗೆ ಹಾಕಿ ಹೋದ.

ಹೋದ ವಾರ ನಿಮ್ಮ ಸಾಮಾನಿನ ಕೋಣೆಯ ಗೋಡೆ ಕುಸಿಯಿತು. ಅದರಡಿ ಕಬ್ಬಿಣದ ಪೆಟ್ಟಿಗೆಯೊಂದರಲ್ಲಿ ನಿನ್ನೆ ಸಣ್ಣ ಪುಸ್ತಕ ಸಿಕ್ಕಿತು, ನಿಮ್ಮಲ್ಲಿ ಕೆಲಸಕ್ಕಿದ್ದವರಿಗೆಂದು ಕನ್ನಡದಲ್ಲಿ ಅಚ್ಚು ಹಾಕಿಸಿದ್ದು. ಹನ್ನೆರಡನೆಯ ಹಾಳೆಯಲ್ಲಿ ಇತ್ತು: ಮರಳಿನಲ್ಲಿ ಚೆಂಡು ಹೊಡೆಯಲಾಗದಂತೆ ಸಿಕ್ಕಿಕೊಂಡರೆ, ಎರಡು ಹೊಡೆತ ಸೇರಿಸಿಕೊಂಡು, ಚೆಂಡನ್ನು ಹೊರಗೆ ತಂದು ಆಡಬಹುದು. ಎರಡೇ ಹೊಡೆತ ಸ್ವಾಮಿ. ಇಪ್ಪತ್ತು ಹೊಡೆತ ಹೆಚ್ಚಾಗಿದ್ದರೂ ಹುಲಿಗೆಮ್ಮ ಅರವತ್ತರೊಳಗೇ ಇರುತ್ತಿದ್ದಳು. ಹಾಳೆಯ ಪಕ್ಕದಲ್ಲಿ ನಿಮ್ಮ ಚಿತ್ರವೂ ಇತ್ತು. ಅದೇ ಹೊಂಡದಲ್ಲಿ ನಿಂತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೀರಿ. ಅದನ್ನು ನೋಡಿದಾಗಿನಿಂದ ನನಗೆ ಹೊಟ್ಟೆ ಉರಿಯುತ್ತಿದೆ. ಮೊದಲು ನಿಮ್ಮ ಮೇಲೆ, ಆಮೇಲೆ ನನ್ನ ಮೇಲೆ.

ನಾಳೆ ಮಾರೆವ್ವ ಆಡುತ್ತಾಳೆ. ಎಣಿಕೆಗೆ ನಾನೇ ಹೋಗುವುದಿತ್ತು. ಪುಸ್ತಕ ಹಿಡಿದು ಯಜಮಾನ ಕೊಟ್ರಬಸಪ್ಪನವರ ಹತ್ತಿರ ಹೋದೆ. ಅವರು ಓದಿ ಪುಸ್ತಕ ಮುಚ್ಚಿದರು. ಇಪ್ಪತ್ತಾರು ವರ್ಷ ಇಲ್ಲದ ಕಾನೂನು ನಿನ್ನ ಮನೆಯ ಹುಡುಗಿ ಆಡುವ ಹಿಂದಿನ ದಿನ ಹುಟ್ಟಿತೇನವ್ವ ತಿಪ್ಪಮ್ಮ ಅಂದರು. ಬೋರ್ಡಿನಲ್ಲಿ ಇದ್ದರಷ್ಟೇ ಕಾನೂನು ಅಂದರು. ಅವರ ಮಗನೂ ಆ ಹೊಂಡದಲ್ಲೇ ಹೋದವನು. ಪುಸ್ತಕ ನಿಜವಾದರೆ ಅವರು ಉಳಿದ ದಿನ ಹೇಗೆ ತಳ್ಳಬೇಕು? ನಾನು ಜಗಳ ಆಡಲಿಲ್ಲ.

ಸಂಜೆ ಮಾರೆವ್ವನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅವ್ವ ಬಿಸಿಲು ಬಡಿದು ಸತ್ತಳು ಅಂತಷ್ಟೇ ಅವಳಿಗೆ ಗೊತ್ತಿತ್ತು. ಅಳಲಿಲ್ಲ. ಅವ್ವ ಹೊರಗೆ ಬರಲಾ ಅಂತ ಕೇಳಿದ್ದಳಾ ದೊಡ್ಡವ್ವ, ಅಂತ ಕೇಳಿದಳು. ಕೇಳಿದ್ದಳು ಅಂದೆ. ಎದ್ದು ಹೋಗಿ, ನನಗೆ ಬೇರೆ ಎಣಿಕೆಯವರನ್ನು ಕೊಡಿ ಅಂತ ಯಜಮಾನರಿಗೆ ಹೇಳಿ ಬಂದಳು. ಅವಳದು ತಪ್ಪಲ್ಲ. ಆದರೆ ನಾಳೆ ಅವಳ ಜೊತೆ ನಡೆಯುವವರಿಗೆ ಬೋರ್ಡೊಂದೇ ಗೊತ್ತು.

ಅದಕ್ಕೇ ಕೈಮುಗಿದು ಕೇಳುತ್ತೇನೆ. ಬೋರ್ಡು ಬರೆಸುವಾಗ ಆ ಎರಡು ಹೊಡೆತದ ಮಾತನ್ನೂ ಅದರಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಸಿ. ನನಗೆ ಬೆಳಗಿನ ತನಕ ಮಾತ್ರ ಹೊತ್ತಿದೆ. ನಿಮಗೆ ಇನ್ನೂ ಮುನ್ನೂರು ವರ್ಷವಿದೆ.

ಎಣಿಕೆಯ ತಿಪ್ಪಮ್ಮ