ಬ್ರಿನ್‌ಳ ಕಾರ್ಡಿಗೆ ಸಹಿ ಹಾಕುವ ಮುಂಚೆ

ಒಟ್ಟಮ್ವಾ, ಅಯೋವಾ
೨೩ ನವೆಂಬರ್ ೨೦೧೯, ಶನಿವಾರ

ಡ್ವೇನ್,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಸೇರಿಸಲು ಪೆನ್ನು ಒಪ್ಪಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಟುಸಾನ್‌ನಲ್ಲಿ ನೀನು ಅಂಗಿಯ ತೋಳು ಮಡಚಿಕೊಂಡು ಬಿಸಿಲು ಕಾಯುತ್ತಿರಬಹುದು. ಇಲ್ಲಿ ನಾನು ಟೈರ್ ಅಂಗಡಿಯ ಕೌಂಟರಿನ ಹಿಂದೆ ಕೋಟು ಹಾಕಿಕೊಂಡೇ ಕುಳಿತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಕಿತ್ತಾಡುತ್ತೇವೆ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮ ಮಗಳು ನಿನಗೆ ಬ್ಯಾಂಕಿನ ಅರ್ಜಿ ಕಳಿಸಿದ್ದಾಳೆ, ಎರಡು ಹೊಸ ಕ್ರೆಡಿಟ್ ಕಾರ್ಡಿಗೆ. ಬ್ರಿನ್‌ಗೆ ಇನ್ನೂ ಹತ್ತೊಂಬತ್ತು, ಸಂಬಳವಿಲ್ಲ. ಅಪ್ಪನೋ ಅಮ್ಮನೋ ಜೊತೆಗೆ ಸಹಿ ಹಾಕದಿದ್ದರೆ ಆ ಬ್ಯಾಂಕಿನವರು ಕೊಡುವುದಿಲ್ಲ. ಮೊದಲು ನನ್ನನ್ನೇ ಕೇಳಿದಳು. ಆಗಲ್ಲ ಅಂದೆ. ಅದಕ್ಕೇ ನಿನ್ನ ಹತ್ತಿರ ಬಂದಿದ್ದಾಳೆ. ಚಿಕ್ಕಂದಿನಲ್ಲಿ ಐಸ್‌ಕ್ರೀಮಿಗೂ ಅವಳು ಮಾಡುತ್ತಿದ್ದದ್ದು ಇದನ್ನೇ. ಈ ಸಲವಾದರೂ ನೀನು ಒಳ್ಳೆಯವನಾಗಲು ಹೋಗಬೇಡ. ದಯವಿಟ್ಟು ಸಹಿ ಹಾಕಬೇಡ.

ಬೇರೆ ಊರಿನ ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿಗೆ ಎಷ್ಟು ಕಾರ್ಡು ಬೇಕು, ನೀನೇ ಹೇಳು. ಒಂದು ಈಗಾಗಲೇ ಇದೆಯಲ್ಲ. ಹೈಸ್ಕೂಲಿನಲ್ಲಿದ್ದಾಗಲೇ ನನ್ನ ಕಾರ್ಡಿನ ಖಾತೆಗೆ ಅವಳನ್ನೂ ಸೇರಿಸಿ, ಅವಳ ಹೆಸರಿನದೇ ಒಂದು ತರಿಸಿಕೊಟ್ಟಿದ್ದೆ. ಖರ್ಚು ಅವಳದು, ಬಿಲ್ಲು ನನ್ನದು. ತಪ್ಪದೆ ಕಟ್ಟುತ್ತಾರೆ ಎಂಬ ಒಳ್ಳೆಯ ಹೆಸರು ಇಬ್ಬರಿಗೂ ಸಿಗುತ್ತದೆ. ನಾಳೆ ಅವಳು ಮನೆ ಬಾಡಿಗೆಗೆ ಹಿಡಿಯಲು ಹೋದರೆ ಎಲ್ಲರೂ ನೋಡುವುದು ಅದನ್ನೇ ತಾನೇ? ಇನ್ನೇನು ಬೇಕಂತೆ? ಮೂರು ಕಾರ್ಡು, ಮೂರು ಬಿಲ್ಲು, ಮೂರು ಗಡುವು. ಪರೀಕ್ಷೆಯ ಗಲಾಟೆಯಲ್ಲಿ ಒಂದನ್ನು ಮರೆತರೂ ಅವಳ ಹೆಸರು ಕೆಡುತ್ತದೆ, ಸಹಿ ಹಾಕಿದ ತಪ್ಪಿಗೆ ನಿನ್ನದೂ ಕೆಡುತ್ತದೆ.

ಇದನ್ನೆಲ್ಲ ಅವಳಿಗೂ ಹೇಳಿದೆ. “ಅಮ್ಮಾ, ಒಂದು ದಿನದ ಖರ್ಚಿಗೆ, ಇನ್ನೊಂದು ಆಪತ್ತಿಗೆ. ನಿನ್ನ ಕಾರ್ಡು ಡ್ರಾಯರ್‌ನಲ್ಲಿ ಬೆಚ್ಚಗಿರ್ಲಿ ಬಿಡು” ಅಂದಳು.

“ಡ್ರಾಯರ್‌ನಲ್ಲಿ ಯಾಕಿರ್ಬೇಕು? ಅದಕ್ಕೇನು ದಾಡಿ ಬಂದಿರೋದು?” ಅಂದೆ.

“ಕಾರ್ಡ್‌ಗೇನೂ ಆಗಿಲ್ಲ” ಅಂದಳು ಮಹಾರಾಯ್ತಿ, ಫೋನಿಟ್ಟಳು.

ಈ ಕೊನೆಯ ಮಾತನ್ನು ನಿನಗೆ ಬರೆಯಬಾರದು ಎಂದುಕೊಂಡಿದ್ದೆ.

ಮಧ್ಯೆ ಒಬ್ಬ ಗಿರಾಕಿ ಬಂದು ಚಳಿಗಾಲದ ಟೈರಿನ ಬೆಲೆ ಕೇಳಿ, ನನ್ನ ಮುಖ ನೋಡಿ ಹೋದ. ಇಷ್ಟು ಹೊತ್ತು ಬರೆದದ್ದನ್ನು ಮತ್ತೆ ಓದಿದೆ. ಯಾವುದೋ ಬ್ಯಾಂಕ್ ಮ್ಯಾನೇಜರು ಬರೆದ ಹಾಗಿದೆ. ಇನ್ನು ನಿಜ ಹೇಳಿಬಿಡುತ್ತೇನೆ.

ಬ್ರಿನ್ ಆ ಕಾರ್ಡು ಉಜ್ಜಿದಾಗಲೆಲ್ಲ ನನ್ನ ಫೋನು ಟಿಂಗ್ ಅನ್ನುತ್ತದೆ. ಯಾವ ಅಂಗಡಿ, ಎಷ್ಟು ಡಾಲರು, ಎಲ್ಲ ಬರುತ್ತದೆ. ಅವಳಾಗಿ ಫೋನ್ ಮಾಡುವುದು ಅಪರೂಪ. ಮಾಡಿದರೂ ಓಡುತ್ತಾ ಓಡುತ್ತಾ, “ಸರಿ ಅಮ್ಮ, ಕ್ಲಾಸಿದೆ, ಇಡ್ತೀನಿ” ಅನ್ನುವಷ್ಟೇ. ಟಿಂಗ್ ಮಾತ್ರ ದಿನಾ ಬರುತ್ತಿತ್ತು. ಬೆಳಗ್ಗೆ ಕಾಫಿ ಅಂಗಡಿ ಎಂದು ಬಂದರೆ, ಸದ್ಯ, ಎದ್ದಿದ್ದಾಳೆ. ಬುರಿಟೊ ಎಂದು ಬಂದರೆ ಹೊಟ್ಟೆಗೇನೋ ಬಿದ್ದಿದೆ. ಪುಸ್ತಕದ ಅಂಗಡಿ ಎಂದು ಬಂದ ದಿನ ಇಲ್ಲಿ ಮೆಕ್ಯಾನಿಕ್ಕುಗಳಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ನೀನು ಹೊರಟುಹೋದ ಮೇಲೆ ಆ ಮನೆಯಲ್ಲಿ ನನ್ನ ಜೊತೆ ಮಾತಾಡುತ್ತಿದ್ದದ್ದು ಅದೊಂದೇ. ನಿನ್ನನ್ನು ಚುಚ್ಚಲು ಬರೆದದ್ದಲ್ಲ. ಹೋಗಲಿ, ಸ್ವಲ್ಪ ಚುಚ್ಚಲೂ ಬರೆದೆ.

ನೋಡಿಕೊಂಡು ಸುಮ್ಮನಿದ್ದಿದ್ದರೆ ಎಲ್ಲ ಸರಿಯಾಗಿರುತ್ತಿತ್ತು. ನನ್ನ ಬಾಯಿ ನಿನಗೆ ಗೊತ್ತಲ್ಲ. ಔಷಧಿ ಅಂಗಡಿ ಎಂದು ಬಂದ ಕೂಡಲೇ ಫೋನ್ ಮಾಡಿ, “ಏನಾಯ್ತೇ, ಜ್ವರಾನಾ?” ಅಂದೆ. “ತುಟಿ ಒಡೆದಿತ್ತು ಕಣಮ್ಮಾ! ತುಟಿಗೆ ಹಚ್ಕೊಳ್ಳೋದು ತಗೊಂಡೆ! ಅದಕ್ಕೂ ಫೋನಾ?” ಎಂದು ಕಿರುಚಿದಳು. ಇನ್ನೊಂದು ದಿನ, ಒಟ್ಟಿಗೆ ಎರಡು ಪಿಜ್ಜಾ ಯಾರಿಗೆ ಎಂದು ಕೇಳಿದ್ದಕ್ಕೆ ಪಟ್ಟನೆ ಫೋನಿಟ್ಟಳು.

ಅಕ್ಟೋಬರಿನಲ್ಲಿ ಮೂರು ದಿನ ಒಂದೂ ಟಿಂಗ್ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ನನ್ನ ಜೀವ ಬಾಯಿಗೆ ಬಂತು, ಡ್ವೇನ್. ವಿಶ್ವವಿದ್ಯಾಲಯದ ಪೊಲೀಸರಿಗೆ ಫೋನ್ ಮಾಡಿ, “ನನ್ನ ಮಗಳು ಮೂರು ದಿನದಿಂದ ಏನೂ ಕೊಂಡಿಲ್ಲ, ಸ್ವಲ್ಪ ನೋಡ್ಕೊಂಡು ಬನ್ನಿ” ಅಂದೆ.

“ಏನೂ ಕೊಂಡಿಲ್ವಾ? ಒಳ್ಳೇದೇ ಅಲ್ವಾ ಮೇಡಂ?” ಅಂದ ಆ ಪುಣ್ಯಾತ್ಮ.

ಆದರೂ ಇಬ್ಬರು ಹೋಗಿ ಹಾಸ್ಟೆಲಿನ ಬಾಗಿಲು ಬಡಿದರು. ಆ ಮಹಡಿಯ ಹುಡುಗಿಯರೆಲ್ಲ ಹೊರಗೆ ಬಂದು ಸಾಲಾಗಿ ನಿಂತರಂತೆ. ನಮ್ಮವಳು ಮುಖಕ್ಕೆ ಹಸಿರು ಕ್ರೀಮು ಬಳಿದುಕೊಂಡು ಪರೀಕ್ಷೆಗೆ ಓದುತ್ತಿದ್ದಳಂತೆ. ಮೂರು ದಿನವೂ ಮೆಸ್ಸಿನಲ್ಲೇ ಉಂಡಿದ್ದಾಳೆ. ಮೆಸ್ಸಿನ ದುಡ್ಡನ್ನು ಇಡೀ ವರ್ಷಕ್ಕೆ ಮೊದಲೇ ಕಟ್ಟಿದವಳು ನಾನೇ. ಅದು ನನ್ನ ಮಂಡೆಗೆ ಹೊಳೆಯಲೇ ಇಲ್ಲ!

ಈಗ ಅಲ್ಲಿ ಅವಳು ಎದುರಾದರೆ ಸಾಕು, “ಬ್ರಿನ್, ಇವತ್ತೇನಾದ್ರೂ ಕೊಂಡ್ಯೇನೇ? ಇಲ್ಲಾಂದ್ರೆ ಪೊಲೀಸರು ಬಂದ್ಬಿಡ್ತಾರೆ” ಎಂದು ಗೇಲಿಯಂತೆ. ಅವತ್ತಿನಿಂದ ನನ್ನ ಕಾರ್ಡನ್ನು ಅವಳು ಮುಟ್ಟಿಲ್ಲ. ಮುಂದಿನ ವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೂ ಬರುವುದಿಲ್ಲವಂತೆ, ಹಾಸ್ಟೆಲಿನಲ್ಲೇ ಇದ್ದು ಓದುತ್ತಾಳಂತೆ. ನೆನ್ನೆ ದಿನಸಿ ಅಂಗಡಿಯಲ್ಲಿ ಹಬ್ಬದೂಟದ ಟರ್ಕಿ ಕೋಳಿಗಳ ಮುಂದೆ ಸುಮ್ಮನೆ ನಿಂತಿದ್ದು, ಬರಿಗೈಲಿ ಬಂದೆ. ಒಬ್ಬಳಿಗೆ ಎಷ್ಟು ದೊಡ್ಡದು ತರುವುದು?

ಅವಳಿಗೆ ಕಾರ್ಡು ಬೇಕಿರುವುದು ನನ್ನಿಂದ ತಪ್ಪಿಸಿಕೊಳ್ಳಲು. ಸಾಲದ ಭಯ ನನಗಿಲ್ಲ, ಕೈ ಬಿಗಿ ಹಿಡಿಯುವುದರಲ್ಲಿ ಅವಳು ನನ್ನ ಮಗಳೇ. ಹೊಸ ಕಾರ್ಡು ಬಂದರೆ ಆ ಟಿಂಗ್ ಶಾಶ್ವತವಾಗಿ ನಿಂತುಹೋಗುತ್ತದೆ. ಅವಳು ಹೇಗಿದ್ದಾಳೆಂದು ತಿಳಿಯಲು ನನಗೆ ಬೇರೆ ದಾರಿಯೇ ಉಳಿಯುವುದಿಲ್ಲ. ಒಂದು ವರ್ಷ ತಡೆ. ಅವಳ ಕೋಪ ಇಳಿಯಲಿ. ಆಮೇಲೆ ನಾನೇ ಸಹಿ ಹಾಕಿಕೊಡುತ್ತೇನೆ. ನಿನ್ನನ್ನು ನಾನು ಏನನ್ನೂ ಬೇಡಿದವಳಲ್ಲ, ಇದೊಂದನ್ನು ಬೇಡುತ್ತಿದ್ದೇನೆ.

ನಿನ್ನ ಮನೆತನದ ಹೆಸರನ್ನು ಇನ್ನೂ ಬಿಟ್ಟುಕೊಡದ,
ರೊಂಡಾ ಹಾಲ್ವರ್ಸನ್

ತಾ.ಕ.: ಅಂಟಿಸಿದ ಲಕೋಟೆಯನ್ನು ಹರಿದು ಮತ್ತೆ ಬರೆಯುತ್ತಿದ್ದೇನೆ. ಈಗ ಸಂಜೆ, ಮನೆಗೆ ಬಂದಿದ್ದೇನೆ. ಈಗಷ್ಟೇ ಫೋನು ಟಿಂಗ್ ಅಂದಿತು. ಎಷ್ಟೋ ವಾರಗಳ ಮೇಲೆ! ಕುಣಿದೇಬಿಟ್ಟೆ. ಆಮೇಲೆ ಓದಿದೆ. ಡೋನಟ್ ಅಂಗಡಿ, ಒಟ್ಟಮ್ವಾ. ನಮ್ಮ ಬೀದಿಯ ಕೊನೆಯಲ್ಲಿರುವುದೇ. ಬ್ರಿನ್ ಊರಿಗೆ ಬಂದಿದ್ದಾಳೆ, ಡ್ವೇನ್. ಮನೆಗೆ ಬಂದಿಲ್ಲ. ಯಾರ ಮನೆಯಲ್ಲಿ ಇಳಿದಿದ್ದಾಳೋ ನನಗೆ ಗೊತ್ತಿಲ್ಲ. ಅಭ್ಯಾಸಬಲದಿಂದ ಆ ಕಾರ್ಡು ತೆಗೆದಳೋ, ನನಗೆ ತಿಳಿಯಲಿ ಎಂದೇ ತೆಗೆದಳೋ, ಅದೂ ಗೊತ್ತಿಲ್ಲ. ಕಾರಿನ ಕೀ ಹಿಡಿದುಕೊಂಡು ಬಾಗಿಲವರೆಗೆ ಹೋದೆ. ಅವಳ ಎದುರು ಹೋಗಿ ನಿಂತು ಏನೆನ್ನಲಿ? ವಾಪಸು ಬಂದು ಕುಳಿತಿದ್ದೇನೆ. ಮೇಲೆ ಬರೆದದ್ದನ್ನೆಲ್ಲ ಬಿಡು. ಸಹಿ ಹಾಕು. ಎರಡಕ್ಕೂ ಹಾಕು. ನಮ್ಮ ಮನೆ ಬಾಗಿಲು ತಟ್ಟದೆ ಮಗಳು ಬೀದಿಯ ಕೊನೆಯಲ್ಲಿ ಡೋನಟ್ ತಿಂದು ಹೋಗುವುದನ್ನು ನಾನು ಇನ್ನೊಂದು ಸಲ ಫೋನಿನಲ್ಲಿ ಓದಲಾರೆ.